ಹಸಿರು ಡಬ್ಬಿ, ಕಂತು ಆರು: ಕಿವಿಯಿರುವ ಪೊಟ್ಟಣ

"ಮೂಸಿ ನೋಡ್ರಿ ಟೀಚರ್," ಎಂದು ಜೈತುನಬಿ ಆಪಾ ಪೊಟ್ಟಣವನ್ನು ನನ್ನ ಮೂಗಿಗೇ ಹಿಡಿದರು.

ಪುಣ್ಯಕ್ಕೆ ಸ್ಟಾಫ್ ರೂಮಿನ ಬಾಗಿಲು ಮುಚ್ಚಿತ್ತು. ಇಲ್ಲದಿದ್ದರೆ, ಎಂಟು ವರ್ಷದಿಂದ ಇಲ್ಲಿ ವಿಜ್ಞಾನ ಕಲಿಸುತ್ತಿರುವ ವಿಜಯಶ್ರೀ ಟೀಚರ್ ಶುಕ್ರವಾರ ಬೆಳಿಗ್ಗೆ ಪ್ಯಾಡಿನ ಪೊಟ್ಟಣ ಮೂಸುತ್ತ ಕುಳಿತಿದ್ದನ್ನು ಇಡೀ ಶಾಲೆ ನೋಡುತ್ತಿತ್ತು.

"ಏನು ವಾಸನಿ ಬಂತು?"

"ಒಗ್ಗರಣಿದ್ರಿ."

"ಶಾಭಾಷ್! ಕರಿಬೇವು. ಔಷಧ ಅಂಗಡ್ಯಾಗ ಕರಿಬೇವು ಇಡ್ತಾರೇನು?"

ಈವರೆಗಿನ ಕಥೆ ಒಂದೇ ಸಾಲಿನದು: ಹುಡುಗಿಯರ ಶೌಚಾಲಯದಲ್ಲಿ ನಾವಿಟ್ಟ ಹಸಿರು ಡಬ್ಬಿಯ ಪ್ಯಾಡುಗಳು ದಿನೇದಿನೇ ಕಡಿಮೆಯಾಗಬೇಕಿತ್ತು, ಆದರೆ ಒಂದು ತಿಂಗಳಿಂದ ಅದು ತನ್ನಷ್ಟಕ್ಕೆ ತಾನೇ ತುಂಬಿಕೊಳ್ಳುತ್ತಿದೆ.

ತುಂಬಿಕೊಂಡರೆ ಯಾರಿಗೇನು ನಷ್ಟ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಸೋಮವಾರ ಒಂದು ಪೊಟ್ಟಣ ವರಾಂಡದಲ್ಲಿ ಬಿತ್ತು ನೋಡಿ, ಅಲ್ಲಿಗೆ ಎಲ್ಲ ಕೆಟ್ಟಿತು.

ಅದನ್ನು ಎತ್ತಿಕೊಂಡವರು ಶಾಲಾ ಸಮಿತಿಯ ಅಧ್ಯಕ್ಷರಾದ ಜಗದೇವಪ್ಪ ಸಾಹುಕಾರರು. ಗಾಣಗಾಪುರದ ಪ್ರಸಾದವೆಂದು ಭಕ್ತಿಯಿಂದ ಎರಡೂ ಕಣ್ಣಿಗೆ ಒತ್ತಿಕೊಂಡು, ಪ್ರಾರ್ಥನೆಗೆ ನಿಂತಿದ್ದ ಮುನ್ನೂರು ಮಕ್ಕಳ ಎದುರಿಗೆ ಬಿಚ್ಚಿಯೇಬಿಟ್ಟರು. ನಗು ಬಾರದಿರಲೆಂದು ನಾನು ನಾಡಗೀತೆಯನ್ನು ಎಷ್ಟು ಜೋರಾಗಿ ಹಾಡಿದೆನೆಂದರೆ, ರಸ್ತೆಯಲ್ಲಿ ಹೋಗುತ್ತಿದ್ದ ಟಂಟಂ ಆಟೋ ನಿಂತಿತು.

ಅಂದೇ ಅವರ ಅಪ್ಪಣೆಯಾಯಿತು. ಪೊಟ್ಟಣ ಇಡುವವರು ಯಾರೆಂದು ಶನಿವಾರದ ಸಭೆಯೊಳಗೆ ತಿಳಿಯದಿದ್ದರೆ ಡಬ್ಬಿ ತೆಗೆಯಬೇಕು. "ಗುರುತು ಪರಿಚಯ ಇಲ್ದವ್ರು ಹುಡುಗ್ಯಾರ ಬಾತ್‌ರೂಮಿಗಿ ಬಂದು ಹೋಗ್ತಾರಂದ್ರ ಹ್ಯಾಂಗ್ರಿ?" ಎಂದರು. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಸಿಟ್ಟು ಬಂದಿದ್ದೇ ಅದಕ್ಕೆ.

ಜೈತುನಬಿ ಆಪಾ ಬಂದಿದ್ದು ಮಂಗಳವಾರ. ಜೇವರ್ಗಿ ಕಡೆ ಮೂವತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿ ದಫೇದಾರರಾಗಿ ನಿವೃತ್ತರಾದವರು, ಈಗ ಚೌಡಾಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ನಾವು ಕರೆದಿರಲಿಲ್ಲ. ಸುದ್ದಿ ಕೇಳಿ ತಾವೇ ಬಂದು, "ಕೇಸು ನನ್ನ ಕೈಯಾಗ ಕೊಡ್ರಿ," ಎಂದರು. ಬಸ್ಸಿನಿಂದ ಇಳಿಯುವಾಗ ಅವರ ಹೆಗಲಿಗೆ ತುಂಬಿದ ಬಟ್ಟೆಯ ಚೀಲವಿರುತ್ತದೆ. ಹಾದಿಯಲ್ಲಿ ಯಾರೋ ಗೆಳತಿಯ ಮನೆಗೆ ಹೋಗಿ ಹರಟಿ ಶಾಲೆಗೆ ಬರುವಷ್ಟರಲ್ಲಿ ಅದು ಖಾಲಿ. ಶೇಂಗಾ ಹಂಚುತ್ತಾರೇನೋ ಎಂದುಕೊಂಡಿದ್ದೆ.

"ಕಾಗದ ನೋಡ್ರಿ," ಎಂದರು ಆಪಾ. "ಮರಾಠಿ ಪೇಪರು. ಸೊಲ್ಲಾಪುರದ್ದು. ನಮ್ಮ ಕಡಿ ಇದನ್ನ ಯಾರು ಓದ್ತಾರ?"

"ಗಾಣಗಾಪುರಕ್ಕ ಬರೋ ಭಕ್ತರು?"

"ಓದಿ ಎಲ್ಲಿ ಬಿಟ್ಟು ಹೋಗ್ತಾರ? ಲಾಡ್ಜಿನ್ಯಾಗ. ಇನ್ನ ಈ ಮಡಿಕಿ ನೋಡ್ರಿ."

ಪೊಟ್ಟಣದ ಮೂರು ಮೂಲೆ ಒಳಗೆ ಸೇರಿದ್ದವು. ನಾಲ್ಕನೆಯದು ಮಾತ್ರ ಹೊರಗೆ ಪುಟ್ಟ ಕಿವಿಯ ಹಾಗೆ ನಿಂತಿತ್ತು. ಸುತ್ತಿದ ಬಿಳಿ ದಾರಕ್ಕೆ ಗಂಟೇ ಇರಲಿಲ್ಲ. ನಾನು ಕಿವಿ ಹಿಡಿದು ಎಳೆಯಹೋದೆ.

"ಬಿಚ್ಚೋದೇನು ಬ್ಯಾಡ್ರಿ. ಒಳಗ ರೆಕ್ಕಿ ಇರೋ ಜಾತಿದದ."

ಬಿಚ್ಚಿ ನೋಡಿದೆ. ರೆಕ್ಕೆ ಇರುವ ಪ್ಯಾಡೇ ಆಗಿತ್ತು. "ಹ್ಯಾಂಗ ಗೊತ್ತಾತ್ರಿ ಆಪಾ?"

"ಮೂವತ್ತೊಂದು ವರ್ಷದ ನೌಕರಿ," ಎಂದು ಅವರು ಬಸಿಗೆ ಚಹಾ ಸುರಿದುಕೊಂಡು ಸುರ್ ಎಂದು ಹೀರಿದರು. ಆ ಸದ್ದು ಪಕ್ಕದ ತರಗತಿಗೂ ಕೇಳಿಸುತ್ತದೆ. ಒಂಬತ್ತನೆಯ ಬಿ ವಿಭಾಗದವರು ನಗುವುದು ನಮಗೆ ಕೇಳಿಸುತ್ತದೆ.

"ಅಸಲಿ ಸುಳಿವು ಇದ್ಯಾವುದೂ ಅಲ್ಲ," ಎಂದು ಬಸಿ ಕೆಳಗಿಟ್ಟರು. "ನೆಲದ ಮ್ಯಾಲ ರದ್ದಿ ಪೇಪರಿನ ಪೊಟ್ಟಣ ಬಿದ್ರ ನೀವೇನು ಮಾಡ್ತೀರಿ? ಕಸದ ಬುಟ್ಟಿಗಿ ಹಾಕ್ತೀರಿ. ಸಾಹುಕಾರ್ರು ಯಾಕ ಕಣ್ಣಿಗಿ ಒತ್ಕೊಂಡ್ರು?"

ನಾನು ಬಾಯಿ ಬಿಡುವಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಹತ್ತನೆಯ ತರಗತಿಯ ಗುಲಫಶಾ. ಡಬ್ಬಿಗೆ ಹಸಿರು ಬಣ್ಣ ಬಳಿದು, 'ಬೇಕಾದವರು ತಗೊಳ್ರಿ, ಯಾರೂ ಕೇಳಂಗಿಲ್ಲ' ಎಂದು ಬರೆದವಳು ಇವಳೇ.

"ಮೇಡಂ, ಡಬ್ಬಿ ತೆಗೀತಾರಂತಲ್ರಿ?"

"ತೆಗೀಬಹುದು. ಇಲ್ಲಾಂದ್ರ ಕೀಲಿ ಹಾಕಿ ಹೆಡ್‌ಮಾಸ್ತರ ಕೋಣ್ಯಾಗ ಇಡಬಹುದು."

"ಹೆಡ್‌ಮಾಸ್ತರ ಹಂತ್ಯಾಕ ಹೋಗಿ ಏನಂತ ಕೇಳೋದ್ರಿ? ಚಾಕ್‌ಪೀಸ್ ಕೇಳಿದಂಗ ಕೇಳಬೇಕೇನ್ರಿ?"

ಆಪಾ ಗೊಳ್ಳನೆ ನಕ್ಕರು. ಗುಲಫಶಾ ನಗಲಿಲ್ಲ.

"ಹ್ವಾದ ವರ್ಷ ತಿಂಗಳಿಗಿ ನಾಕು ದಿನ ಮನ್ಯಾಗೇ ಕುಂತೇನ್ರಿ. ಬೀಜಗಣಿತ ಪೂರಾ ಕೈ ಬಿಟ್ಟು ಹೋತು. ಈ ವರ್ಷ ಒಂದು ದಿನಾನೂ ತಪ್ಪಿಲ್ಲ, ಹಾಜರಿ ನೋಡ್ರಿ ಬೇಕಾದ್ರ. ಟಂಟಂನ್ಯಾಗ ಐದು ಕಿಲೋಮೀಟರ್ ಬರಬೇಕು. ಡಬ್ಬಿ ಹೋದ್ರ ಆ ನಾಕು ದಿನ ಮತ್ತ ಮನ್ಯಾಗ ಅಂತ ಅಮ್ಮಿ ಹೇಳಿಬಿಟ್ಟಾಳ."

ಜೈತುನಬಿ ಆಪಾ ಅವಳನ್ನು ಹತ್ತಿರ ಕರೆದು ಕೈ ಹಿಡಿದುಕೊಂಡರು. "ಬೇಟಿ, ಬಂದೋಬಸ್ತಿನ್ಯಾಗ ನಾ ಎಂಟೆಂಟು ತಾಸು ಬಿಸಲಾಗ ನಿಂತೇನಿ. ಸೀರಿ ಎಲ್ಲಿ ಕೆಡ್ತದೋ ಅಂತ ಗ್ವಾಡಿಗಿ ಬೆನ್ನು ಹಚ್ಚಿ ನಿಲ್ತಿದ್ದೆ. ಆವಾಗ ನನಗ ಯಾವ ಡಬ್ಬಿ ಇತ್ತು? ನಿನ್ನ ಡಬ್ಬಿ ಎಲ್ಲಿಗೂ ಹೋಗಂಗಿಲ್ಲ. ಹೋಗು, ಗಣಿತ ಓದು."

ಅಷ್ಟು ಮೆತ್ತಗಿನ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಗಾಣಗಾಪುರದಲ್ಲಿ ಇಳಿದೆವು. ಗುಡಿಯ ಹಾದಿಯ ಎರಡೂ ಬದಿಗೆ ಪೇಢಾ, ತೆಂಗಿನಕಾಯಿ, ಭಸ್ಮದ ಅಂಗಡಿಗಳು. ಮಧುಕರಿಯ ಹೊತ್ತು. ಜೋಳಿಗೆ ಹಿಡಿದ ಭಕ್ತರು ಐದು ಮನೆಯ ಭಿಕ್ಷೆ ಬೇಡಲು ಹೊರಟಿದ್ದರು. ಆಪಾ ಅಂಗಡಿಯಿಂದ ಅಂಗಡಿಗೆ ನಡೆದರು, ಪೇಢಾ ತಿಂದರು, ಪೊಟ್ಟಣಗಳನ್ನು ತಿರುವಿ ನೋಡಿದರು. ಆರನೆಯ ಅಂಗಡಿಯಲ್ಲಿ ಅವರ ಹುಬ್ಬು ಮೇಲೇರಿತು. ಅಲ್ಲಿನ ಪೊಟ್ಟಣಗಳಿಗೆ ಕಿವಿ ಇದ್ದವು.

ಅಂಗಡಿಯ ಗುರುಶಾಂತಪ್ಪನವರಿಗೆ ಎಪ್ಪತ್ತು ದಾಟಿದೆ. ಬೀದಿ ನೋಡುತ್ತಲೇ ಪ್ರಸಾದ ಮಡಚುತ್ತಿದ್ದರು, ಕೈಗಳು ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ಆಪಾ ಡಬ್ಬಿಯಿಂದ ತಂದಿದ್ದ ಇನ್ನೊಂದು ಪೊಟ್ಟಣವನ್ನು ಅವರ ಮುಂದಿಟ್ಟರು.

ಮುದುಕರು ಅದನ್ನು ಎತ್ತಿಕೊಂಡು, ಕಣ್ಣಿಗೆ ಒತ್ತಿಕೊಂಡು, ಕಿವಿ ಹಿಡಿದರು.

"ಬಿಚ್ಚಬ್ಯಾಡ್ರಿ!" ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು. ಪಕ್ಕದ ಅಂಗಡಿಯವನು ತೆಂಗಿನಕಾಯಿ ಕೈಬಿಟ್ಟ.

"ಯಾಕ್ರಿ, ಏನದ ಒಳಗ?"

"ಆಮ್ಯಾಲ ಹೇಳ್ತೇವಿ ಯಜಮಾನ್ರ. ಮೊದಲು ಹೇಳ್ರಿ, ಇದು ನಿಮ್ಮ ಅಂಗಡಿ ಮಡಿಕಿ ಹೌದೋ ಅಲ್ಲೋ?"

"ಹೌದ್ರಿ. ಈ ಬಜಾರಿನ್ಯಾಗ ಬ್ಯಾರೆ ಯಾರಿಗೂ ಬರಂಗಿಲ್ಲ. ಮಧುಕರಿಗಿ ಬಂದವ್ರ ಒಂದು ಕೈಯಾಗ ಜೋಳಗಿ ಇರ್ತದ. ಇನ್ನೊಂದು ಕೈಲೇ ಬಿಚ್ಚಬೇಕಲ್ರಿ? ಅದಕ್ಕ ಈ ಕಿವಿ." ಕನ್ನಡಕ ಸರಿಮಾಡಿಕೊಂಡು ಪೊಟ್ಟಣ ತಿರುವಿದರು. "ಮಡಿಕಿ ನಮ್ಮದು, ಆದ್ರ ಕೈ ನಂದಲ್ಲ. ನಾವೆಲ್ಲಾ ಕಿವಿ ಬಲಕ್ಕ ಬಿಡ್ತೇವಿ. ಇದು ಎಡಕ್ಕ ಅದ."

"ಎಡಕ್ಕ ಬಿಡೋರು ಯಾರು?"

"ಎಡಗೈಯಾಕಿ ನಮ್ಮನ್ಯಾಗ ಒಬ್ಬಾಕಿನೇ. ನಮ್ಮಕ್ಕ. ಈ ಮಡಿಕಿ ಕಂಡು ಹಿಡದಾಕಿನೂ ಆಕಿನೇ. ಲಗ್ನ ಆಗಿ ಹೋಗೋತನಕ ಈ ಗಾದಿ ಮ್ಯಾಲ ಕುಂತು ಆಕಿನೇ ಮಡಚ್ತಿದ್ಳು." ಮುದುಕರ ಮುಖ ಅರಳಿತು. "ಹ್ವಾದ ತಿಂಗಳು ಲಾಡ್ಜಿನ ರದ್ದಿ ಪೇಪರು ಬೇಕಂತ ತರಿಸ್ಕೊಂಡಾಳ. ಕಪಾಟಿಗಿ ಹಾಸಾಕ ಅಂದಿದ್ಳು."

"ಹೆಸರೇನ್ರಿ ಅಕ್ಕಾರದು? ಯಾವ ಊರಿಗಿ ಕೊಟ್ಟೀರಿ?" ಎಂದು ಕೇಳಿದವಳು ನಾನು.

"ಗುರುಬಾಯಿ. ನಿಮ್ಮ ಶಾಲಿ ಊರಿಗೇ ಕೊಟ್ಟೇವಲ್ರಿ. ಜಗದೇವಪ್ಪ ನಮ್ಮ ಅಳಿಯ. ಅಕ್ಕನ ಮಗ."

ನಾನು ಪಕ್ಕದ ತೆಂಗಿನಕಾಯಿಯ ಚೀಲದ ಮೇಲೆ ಕುಳಿತೇಬಿಟ್ಟೆ. ಡಬ್ಬಿ ತೆಗೆಯಿರಿ ಎನ್ನುವವರು ಮಗ, ಅದನ್ನು ತುಂಬುವವರು ತಾಯಿ!

"ಈಗಾದ್ರೂ ಹೇಳ್ರಿ, ಒಳಗೇನದ?"

ಆಪಾ ಸುತ್ತಿ ಬಳಸದೆ ಹೇಳಿದರು. ಗುರುಶಾಂತಪ್ಪನವರು ಸ್ವಲ್ಪ ಹೊತ್ತು ಗುಡಿಯ ಕಡೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, "ಪೋರಿಗೋಳು ಒಂದು ಕೈಲೇ ಬಿಚ್ಚಬಹುದಲ್ರಿ? ಚಲೋ ಆತು ಬಿಡ್ರಿ," ಎಂದರು. ನನಗೆ ಆ ಮುದುಕರ ಮೇಲೆ ಭಾಳ ಪ್ರೀತಿ ಬಂತು.

ಮರಳುವಾಗ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಗುರುಬಾಯಿ ಅವ್ವನಿಗೆ ಮೊಣಕಾಲು ನೋವು, ವರ್ಷದಿಂದ ಹೊಸ್ತಿಲು ದಾಟಿಲ್ಲ. ಹಾಗಿದ್ದರೆ ಪೊಟ್ಟಣಗಳು ಶಾಲೆಯೊಳಗೆ ನಡೆದು ಬಂದವೇ?

"ಕರಿಬೇವು ಮರತ್ರೇನು ಟೀಚರ್?" ಎಂದರು ಆಪಾ, ಕಿಟಕಿಯ ಕಡೆ ನೋಡುತ್ತ.

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಹೆಡ್‌ಮಾಸ್ತರರ ಕೋಣೆಯಲ್ಲಿ ನಾವು ನಾಲ್ವರೇ: ಅವರು, ಜಗದೇವಪ್ಪ ಸಾಹುಕಾರರು, ಜೈತುನಬಿ ಆಪಾ, ನಾನು. ಆಪಾ ಅಂದು ಗೆಳತಿಯ ಮನೆಗೆ ಹೋಗದೆ ನೇರ ಶಾಲೆಗೇ ಬಂದಿದ್ದರು. ಅವರ ತುಂಬಿದ ಚೀಲ ಕುರ್ಚಿಗೆ ತೂಗುತ್ತಿತ್ತು, ಮುಂದೆ ಚಹಾ ಇತ್ತು. ಕಿಟಕಿಯ ಹೊರಗೆ ಗುಲಫಶಾ ಮತ್ತು ಗೆಳತಿಯರು ದಾಸವಾಳದ ಗಿಡಕ್ಕೆ ಮೂರನೆಯ ಸಲ ನೀರು ಹಾಕುತ್ತಿದ್ದರು.

"ಸಾಹುಕಾರ್ರ, ಸೋಮವಾರ ಪೊಟ್ಟಣ ಕಣ್ಣಿಗಿ ಯಾಕ ಒತ್ಕೊಂಡ್ರಿ?" ಎಂದು ಆಪಾ ಶುರು ಮಾಡಿದರು.

ಜಗದೇವಪ್ಪನವರ ಮುಖ ಕೆಂಪಾಯಿತು. "ಮತ್ತ ಅದೇ ಮಾತೇನ್ರಿ ದಫೇದಾರ ಬಾಯಾರ? ಚಹಾದಂಗಡ್ಯಾಗ ಮಂದಿ ವಾರದಿಂದ ನನಗ ಪ್ರಸಾದ ಕೊಡ್ರಿ ಅಂತ ಕಾಡಾಕತ್ತಾರ."

"ಹೇಳ್ರಿ."

"ಪ್ರಸಾದ ಅಂತ ತಿಳಕೊಂಡೆ. ಸಣ್ಣಾಂವ ಇದ್ದಾಗಿಂದ ನೋಡೇನಿ ಆ ಮಡಿಕಿ, ನಮ್ಮ ಮಾವನ ಅಂಗಡ್ಯಾಗ..." ಎಂದವರು ಅಲ್ಲಿಗೇ ನಿಂತರು.

"ಹಾಂ," ಎಂದರು ಆಪಾ. "ಇನ್ನೊಂದು ಪ್ರಶ್ನೆ. ಬಿಸಿಯೂಟಕ್ಕ ದಿನಾ ನಿಮ್ಮ ಹೊಲದ ಕರಿಬೇವು ತರ್ತೀರಿ. ಚೀಲ ಯಾರು ತುಂಬಿ ಕೊಡ್ತಾರ?"

"ಅವ್ವ."

"ಒಳಗ ಎಂದಾದ್ರೂ ಕೈ ಹಾಕಿ ನೋಡೀರೇನು?"

"ಕರಿಬೇವಿನ್ಯಾಗ ಏನು ನೋಡೋದ್ರಿ?"

ಆ ದಿನದ ಕರಿಬೇವಿನ ಚೀಲವನ್ನು ಅಡುಗೆಮನೆಗೆ ಹೋಗಲು ಬಿಡದೆ ಆಪಾ ಗೇಟಿನಲ್ಲೇ ಹಿಡಿದಿದ್ದರು. ಈಗ ಎತ್ತಿ ಮೇಜಿನ ಮೇಲೆ ಬೋರಲು ಹಾಕಿದರು. ಕರಿಬೇವು ಬಿತ್ತು. ಕೊತ್ತಂಬರಿಯ ಸಿವುಡು ಬಿತ್ತು. ಅದರ ಹಿಂದೆ ಪೊಟ್ಟಣಗಳು ಒಂದೊಂದಾಗಿ ಉದುರಿದವು, ಹದಿನಾಲ್ಕು, ಎಲ್ಲಕ್ಕೂ ಎಡಕ್ಕೆ ಕಿವಿ. ಹೆಡ್‌ಮಾಸ್ತರರು ಕನ್ನಡಕ ತೆಗೆದು ಫ್ಯಾನು ನೋಡತೊಡಗಿದರು.

"ಹುಡುಗ್ಯಾರ ಡಬ್ಬಿಗಿ ಮಾಲು ಸಾಗಸಾಕತ್ತಿದ್ದು ನೀವೇ, ಸಾಹುಕಾರ್ರ. ಒಂದು ತಿಂಗಳಿಂದ, ನಿಮ್ಮ ಮೋಟರ್ ಸೈಕಲ್ ಮ್ಯಾಲ."

ಅಡುಗೆಯ ಪಂಚಶೀಲಾಳನ್ನು ಕರೆಸಿದರು. ಅವಳು ಬಾಗಿಲಲ್ಲೇ ನಿಂತು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಪ್ಪಿಕೊಂಡಳು. "ಹೌದ್ರಿ, ಅವ್ವಾರು ಹೇಳಿ ಕಳಿಸಿದ್ರು, ಚೀಲದಾಗಿಂದು ತಗದು ಡಬ್ಬ್ಯಾಗ ನಾನೇ ಇಡಾಕತ್ತೇನಿ. ಸಾರು ಒಲಿ ಮ್ಯಾಲದ, ಕರಿಬೇವು ಕೊಟ್ರ ಹೋಗ್ತೇನ್ರಿ." ಒಂದು ಹಿಡಿ ಎತ್ತಿಕೊಂಡು ಹೋಗಿಯೂಬಿಟ್ಟಳು.

ಜಗದೇವಪ್ಪನವರು ಫೋನ್ ತೆಗೆದರು. ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು.

"ಅವ್ವಾ, ಇದೇನು ಮಾಡೀದಿ?"

"ಏನು ಮಾಡೇನಿ?" ದನಿ ಗಟ್ಟಿಯಾಗಿತ್ತು.

"ಅದೇ, ಕರಿಬೇವಿನ ಚೀಲದಾಗ... ಅದು..."

"ಪ್ಯಾಡ್ ಅನ್ನು ಲೇ. ಅಂದ್ರ ನಾಲಿಗಿ ಉದುರಿ ಬೀಳಂಗಿಲ್ಲ."

ದಾಸವಾಳದ ಗಿಡದ ಕಡೆಯಿಂದ ಕಿಸಕ್ಕನೆ ನಗು ಬಂತು.

"ಯಾರಿಗೂ ಹೇಳದ ಕೇಳದ ಹಿಂಗ ಮಾಡ್ತಾರೇನು ಅವ್ವ?"

"ಹೇಳಿದ್ರ ನೀ ಬಿಡ್ತಿದ್ದೇನು? ಬಸವ ಜಯಂತಿ ದಿನ ಮೈಕ್ ಹಿಡದು, ಲಿಂಗ ಕಟ್ಟಿದ ಮನ್ಯಾಗ ಸೂತಕ ಇಲ್ಲ ಅಂತ ಒಂದು ತಾಸು ಭಾಷಣ ಮಾಡ್ದಿ. ಓಣ್ಯಾಗಿನ ಮೈಕಿನ್ಯಾಗ ನಾ ಪೂರಾ ಕೇಳೇನಿ. ಮತ್ತ ಆ ಡಬ್ಬಿ ಕಂಡ್ರ ಮಾರಿ ಯಾಕ ತಿರುವ್ತಿ?"

ಜಗದೇವಪ್ಪನವರು ತಲೆ ತಗ್ಗಿಸಿದರು. ಅವರನ್ನು ನೋಡಿ ನನಗೆ ಮರುಕವೇ ಆಯಿತು. "ಸೂತಕ ಅಂತಲ್ಲವ್ವ. ನಾಚಿಕಿ ಆತು, ಅದು ಖರೆ. ಆದ್ರ ಯಾರ್ಯಾರೋ ಒಳಗ ಬಂದು ಹೋಗ್ತಾರಂತ ಅಂಜಿಕಿನೂ ಆತು. ಆ ಪೋರಿಗೋಳ ಜವಾಬ್ದಾರಿ ನನ್ನ ಮ್ಯಾಲದ."

"ಯಾರ್ಯಾರೋ ಅಲ್ಲ. ನಾನು, ನೀನು, ಪಂಚಶೀಲಾ."

"ನೀ ಹೊಸ್ತಲಾ ದಾಟಂಗಿಲ್ಲ. ಈ ಮಾಲು ನಿನಗ ಯಾರು ತಂದು ಕೊಡ್ತಾರ? ಅದು ತಿಳೀದ ನಾ ಹ್ಯಾಂಗ ಸುಮ್ಮನಿರಲಿ?"

"ಮಡಚಾಕಿ ನಾ. ತಂದು ಕೊಡಾಕಿ ಬ್ಯಾರೆ ಅದಾಳ. ಹೆಸರು ಹೇಳಂಗಿಲ್ಲ ಅಂತ ಆಕಿಗಿ ಮಾತು ಕೊಟ್ಟೇನಿ."

"ಹೇಳದಿದ್ರ ಡಬ್ಬಿ ತೆಗೀಬೇಕಾಗ್ತದವ್ವ."

ಕಿಟಕಿಯಾಚೆ ನೀರು ಸುರಿಯುವ ಸದ್ದು ನಿಂತಿತು. ಗುಲಫಶಾ ಈಗ ಗಿಡದ ನೆಪವನ್ನೂ ಬಿಟ್ಟು, ಕೊಡ ಹಿಡಿದುಕೊಂಡು ನಮ್ಮನ್ನೇ ನೋಡುತ್ತಿದ್ದಳು. ಅವಳ ಬೀಜಗಣಿತ, ಅವಳ ಹಾಜರಿ, ಅವಳ ಮಾರ್ಚಿ ತಿಂಗಳ ಪರೀಕ್ಷೆ, ಎಲ್ಲವೂ ಆ ಫೋನಿನ ಆಚೆಗಿದ್ದ ಮುದುಕಿಯ ಬಾಯಲ್ಲಿತ್ತು.

"ಹಂಗಾರ ಕೇಳು," ಎಂದಿತು ಫೋನು. "ಡಬ್ಬಿ ಅಲ್ಲೇ ಇರ್ತದ, ಕೀಲಿ ಹಾಕಂಗಿಲ್ಲ ಅಂತ ಠರಾವು ಬರಿ. ಸಹಿ ಮಾಡು. ಟೀಚರಮ್ಮ ಓದ್ಲಿ, ನಾ ಕೇಳ್ತೇನಿ. ಆಮ್ಯಾಲ ಹೇಳ್ತೇನಿ. ಆಕಿ ನನಗ ಬೈದ್ರ ಬೈಲಿ."

ಜಗದೇವಪ್ಪನವರು ನಮ್ಮ ಮುಖ ನೋಡಿದರು, ಮೇಜಿನ ಮೇಲಿನ ಹದಿನಾಲ್ಕು ಕಿವಿಗಳನ್ನು ನೋಡಿದರು, ಕಿಟಕಿ ನೋಡಿದರು. ಆಮೇಲೆ ಠರಾವಿನ ಪುಸ್ತಕ ಎಳೆದುಕೊಂಡು ಬರೆದರು. ಬರೆಯುತ್ತ ಬರೆಯುತ್ತ ಅವರಿಗೇ ನಗು ಬಂತು. ಸಹಿಯ ಕೆಳಗೆ ತಾರೀಖನ್ನೂ ಹಾಕಿ ಪುಸ್ತಕವನ್ನು ನನ್ನ ಕಡೆ ತಳ್ಳಿದರು.

ನಾನು ಎದ್ದು ನಿಂತು ಓದಿದೆ. 'ಹುಡುಗಿಯರ ಶೌಚಾಲಯದ ಹಸಿರು ಡಬ್ಬಿಯು ಕೀಲಿಯಿಲ್ಲದೆ ಅದೇ ಸ್ಥಳದಲ್ಲಿ ಕಾಯಂ ಇರತಕ್ಕದ್ದು.' ಓದಿ ಮುಗಿಸಿದ್ದೇ ತಡ, ಹೊರಗೆ ಕೊಡ ನೆಲಕ್ಕೆ ಬಿದ್ದ ಸದ್ದಾಯಿತು, ಹಿಂದೆಯೇ ಹೋ ಎಂದು ಕೂಗು. ಗುಲಫಶಾ ಒದ್ದೆ ಕಾಲಲ್ಲೇ ಕುಣಿಯುತ್ತಿದ್ದಳು. ಹೆಡ್‌ಮಾಸ್ತರರು ಫ್ಯಾನು ನೋಡುವುದನ್ನು ಬಿಟ್ಟು ಚಪ್ಪಾಳೆ ತಟ್ಟಿದರು.

"ಬರದೇನವ್ವ. ಈಗ ಹೇಳು, ಯಾರಾಕಿ?"

"ನಿನ್ನ ಎದುರಿಗೇ ಕುಂತು ಚಹಾ ಕುಡ್ಯಾಕತ್ತಾಳಲ್ಲೋ. ಸುರ್ ಅನ್ನೋ ಸಪ್ಪಳ ನನಗ ಇಲ್ಲೀತನಕ ಕೇಳಸ್ತದ." ಫೋನು ಕಟ್ಟಾಯಿತು.

ಹೆಡ್‌ಮಾಸ್ತರರು ಚಹಾ ಕುಡಿಯುವುದಿಲ್ಲ. ನನ್ನ ಕೈಯಲ್ಲಿ ಠರಾವಿನ ಪುಸ್ತಕವಿತ್ತು. ಜೈತುನಬಿ ಆಪಾರ ಬಸಿ ತುಟಿಯ ಹತ್ತಿರ ಹೋಗಿ ಅಲ್ಲಿಯೇ ನಿಂತಿತ್ತು.

ಗೆಳತಿಯ ಮನೆ, ಖಾಲಿಯಾಗುವ ಚೀಲ, ಬಿಚ್ಚದೆಯೇ ಕಂಡ ರೆಕ್ಕೆ. ಐದು ದಿನ ಈ ಹೆಂಗಸಿನ ಹಿಂದೆ ತಿರುಗಿ ನಾನು ಪತ್ತೇದಾರಿ ಕಲಿಯುತ್ತಿದ್ದೆನಂತೆ!

"ದಫೇದಾರ ಬಾಯಾರ," ಎಂದರು ಜಗದೇವಪ್ಪನವರು ನಿಧಾನವಾಗಿ, "ಇಷ್ಟು ದಿನ ನೀವು ಹುಡುಕ್ಯಾಡಿದ್ದು ನಿಮ್ಮನ್ನೇ ಏನ್ರಿ?"

"ಠರಾವು ಬೇಕಾಗಿತ್ತು," ಎಂದರು ಆಪಾ ಶಾಂತವಾಗಿ. "ಸಿಕ್ತು."

ಜಗದೇವಪ್ಪನವರು ನಗುತ್ತ, ಕುರ್ಚಿಗೆ ತೂಗುತ್ತಿದ್ದ ಬಟ್ಟೆಯ ಚೀಲಕ್ಕೆ ಕೈ ಹಾಕಿದರು. "ಹಂಗಾರ ಇವತ್ತಿನ ಮಾಲು ನಾನೇ ಅವ್ವಗ ಒಯ್ದು ಕೊಡ್ತೇನಿ, ಕೊಡ್ರಿ."

ಜೈತುನಬಿ ಆಪಾ ಅವರ ಕೈಯನ್ನು ಫಟ್ಟನೆ ಹಿಡಿದರು. ಪೊಲೀಸರ ಹಿಡಿತ ಹೇಗಿರುತ್ತದೆಂದು ಅಂದು ನೋಡಿದೆ.

"ಅದಕ್ಕ ಕೈ ಹಚ್ಚಬ್ಯಾಡ್ರಿ. ಅದು ನಿಮ್ಮ ಶಾಲಿದಲ್ಲ, ಮಟಕಿ ಊರಿನ ಶಾಲಿಗಿ ಹೋಗೋದು. ಅಲ್ಲಿ ಇನ್ನೊಬ್ಬಾಕಿ ಮಡಚಾಕ ಕುಂತಾಳ." ಅವರು ಎದ್ದು ಚೀಲವನ್ನು ಹೆಗಲಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು. "ಈ ಕೆಲಸದಾಗ ನಾ ಒಬ್ಬಾಕಿನೇ ಇದ್ದೇನಿ ಅಂತ ನಿಮಗ ಯಾರು ಹೇಳಿದ್ರು, ಟೀಚರ್?"